ಹಿಡಿ ಎಂದು ಕರೆಯದ ದಿನಗಳು

"ರೀ, ನಿಲ್ಸಿ! ನಿಲ್ಸಿ ಅಂದ್ನಲ್ಲಾ!"

ಕುತ್ತಿಗೆಯಲ್ಲಿ ಟೇಪು ನೇತಾಡಿಸಿಕೊಂಡೇ ಅವಳು ಅಂಗಡಿಯಿಂದ ಹೊರಗೆ ಓಡಿ ಬಂದಳು. ಏಣಿಯ ಮೇಲೆ ನಿಂತಿದ್ದವನು ತಿರುಗಿ ನೋಡಿದ. ಎಡಗೈಯಲ್ಲಿ ಬ್ರಷ್ಷು, ಮೂಗಿನ ಮೇಲೆ ಕೆಂಪು ಬಣ್ಣದ ಚುಕ್ಕೆ.

"ಏನಾಯ್ತು ಮೇಡಂ?"

"ಏನಾಯ್ತು ಅಂತ ನನ್ನೇ ಕೇಳ್ತೀರಾ? ನಾನು ಬರೀರಿ ಅಂದಿದ್ದು 'ಹೊಲಿಗೆ' ಅಂತ. ನೀವು ಬೋರ್ಡಿನ ಆ ತುದೀಲಿ 'ಗೆ' ಅಂತ ಬರೆದು ನಿಂತಿದೀರ! ನಿಮಗೆ ಓದೋಕೆ ಬರುತ್ತೋ ಇಲ್ವೋ?"

ಬೈಸಿಕೊಂಡವನು ನಕ್ಕುಬಿಟ್ಟ. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

"ನಾನು ಎಡಚ ಮೇಡಂ. ಮೊದಲನೇ ಅಕ್ಷರದಿಂದ ಶುರು ಮಾಡಿದ್ರೆ ಹಸಿ ಬಣ್ಣಾನ ನನ್ನ ಕೈಯೇ ಒರೆಸ್ಕೊಂಡು ಹೋಗುತ್ತೆ. ಅದಕ್ಕೇ ಕೊನೆಯಿಂದ ಬರೀತೀನಿ. ಈಗ 'ಗೆ' ಬಂದಿದೆ. 'ಲಿ' ದಾರೀಲಿದೆ. 'ಹೊ' ಊಟ ಆದ್ಮೇಲೆ ಬರುತ್ತೆ."

ಅವಳು ನಗು ತಡೆಯಲಾಗದೆ ಬಾಗಿಲಿಗೆ ಒರಗಿ ನಿಂತಳು.

"ಅಂದ್ರೆ ನಿಮ್ಮ ಲೆಕ್ಕದಲ್ಲಿ ನಂದು 'ಗೆಲಿಹೊ' ಅಂಗಡಿ!"

ಅಂದಿನಿಂದ ಅವನ ಹೆಸರು ಅವಳ ಬಾಯಲ್ಲಿ 'ಗೆಲಿಹೊ' ಎಂದೇ ಉಳಿಯಿತು. ಅವನಿಗೆ ಇವಳು 'ಟೇಲರಮ್ಮ'.

ಬೋರ್ಡು ಒಣಗಿದ ಮೇಲೂ ಗೆಲಿಹೊ ಬರುವುದು ನಿಲ್ಲಲಿಲ್ಲ. ಒಮ್ಮೆ ಅಂಗಿಯ ಗುಂಡಿ ಕಿತ್ತು ಬರುತ್ತಿತ್ತು, ಇನ್ನೊಮ್ಮೆ ಅದೇ ಅಂಗಿಯ ಅದೇ ಗುಂಡಿ. ಪ್ರೀತಿಯಲ್ಲಿ ಬಿದ್ದವರ ಗುಂಡಿಗಳಿಗೆ ಮಾತ್ರ ಬರುವ ಕಾಯಿಲೆ ಅದು! ಮಧ್ಯಾಹ್ನ ಒಂದೇ ಬೆಂಚಿನ ಮೇಲೆ ಕೂತು ಉಣ್ಣುವಾಗ ಅವನ ಎಡಮೊಣಕೈ ಅವಳ ಬಲಮೊಣಕೈಗೆ ತಾಗುತ್ತಿತ್ತು.

"ಈ ಕಡೆ ಬಂದು ಕೂರ್ಲಾ? ನಿಮಗೆ ತೊಂದ್ರೆ ಆಗ್ತಿದೆ," ಎಂದ ಒಂದು ದಿನ.

"ಬೇಡ... ತಾಗ್ಲಿ," ಎಂದಳು ಅವಳು, ತಟ್ಟೆಯಿಂದ ತಲೆ ಎತ್ತದೆ.

ಅಷ್ಟೇ ಸಾಕಾಯಿತು. ಮದುವೆಯಾಯಿತು.

ಹೊಸ ಸೊಸೆಯ ಮುಂದೆ ಅತ್ತೆ ಒಮ್ಮೆ ಮಗನ ಬಾಲ್ಯದ ಕಥೆ ತೆಗೆದರು. "ಇವನ ಎಡಗೈ ಬಿಡಿಸೋಕೆ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ ಕಣಮ್ಮ. ನಾಲ್ಕು ಜನ ಏನಂತಾರೆ ಅಂತ ಆ ಕೈನ ಬಟ್ಟೇಲಿ ಬೆನ್ನ ಹಿಂದೆ ಕಟ್ಟಿಹಾಕಿ ಊಟಕ್ಕೆ ಕೂರಿಸ್ತಿದ್ದೆ. ಅಳ್ತಾ ಬಲಗೈಲಿ ಮುಖಕ್ಕೆಲ್ಲಾ ಮೆತ್ಕೊಳ್ತಿದ್ದ!"

ಅತ್ತೆ ನಗುತ್ತಿದ್ದರು. ಗೆಲಿಹೊ ಅರ್ಧ ಉಂಡ ತಟ್ಟೆ ಬಿಟ್ಟು ಎದ್ದು ಹೋದ.

ಅವಳು ಹಿಂದೆಯೇ ಹೋದಳು. ಹಿತ್ತಲಲ್ಲಿ ಅವನು ಕೈ ತೊಳೆಯುತ್ತಲೇ ಇದ್ದ.

"ಅಮ್ಮನಿಗೆ ಅದು ತಮಾಷೆ," ಎಂದ. "ನೋಡು, ನಮಗೆ ಮಗು ಆದ್ರೆ ಅದು ಯಾವ ಕೈಲಿ ಬೇಕಾದ್ರೂ ತಿನ್ಲಿ. ಕೈ ಮಾತ್ರ ಕಟ್ಟಬಾರದು. ಮಾತು ಕೊಡ್ತೀಯಾ?"

"ಕೊಟ್ಟೆ," ಎಂದಳು. ಹಾಗೆಂದಾಗ ಅದು ಎಷ್ಟು ಸುಲಭದ ಮಾತಾಗಿತ್ತು!

* * *

ಮಗು ಏಳನೇ ತಿಂಗಳಿಗೇ ಹುಟ್ಟಿಬಿಟ್ಟಿತು.

ಗಾಜಿನ ಪೆಟ್ಟಿಗೆಯೊಳಗೆ ನಳಿಕೆಗಳ ನಡುವೆ ಮಲಗಿದ್ದ ಮೊಮ್ಮಗಳನ್ನು ನೋಡಿ ಅತ್ತೆ, "ಅಯ್ಯೋ, ಒಂದು ಹಿಡಿಯಷ್ಟೂ ಇಲ್ವಲ್ಲೋ," ಎಂದು ಸೆರಗನ್ನು ಬಾಯಿಗಿಟ್ಟುಕೊಂಡರು. ಗೆಲಿಹೊ ಗಾಜಿಗೆ ಹಣೆ ಒತ್ತಿ, "ಇದಾಳಲ್ಲಮ್ಮ. ಒಂದು ಹಿಡಿ ಇದಾಳೆ," ಎಂದ. ಆಮೇಲೆ ಗಾಜಿನೊಳಗಿನ ಜೀವಕ್ಕೆ ಹೇಳಿದ, "ಹಿಡೀ... ಏ ಹಿಡೀ... ಗಟ್ಟಿಯಾಗಿ ಹಿಡ್ಕೊ. ಬಿಡಬೇಡ."

ಹಿಡಿ ಬಿಡಲಿಲ್ಲ. ವಾರಗಳು ಕಳೆದವು, ತೂಕ ಏರಿತು, ನಳಿಕೆಗಳು ಒಂದೊಂದಾಗಿ ಹೋದವು. ಮನೆಗೆ ಹೊರಡುವ ದಿನ ಗೆಲಿಹೊ ಗಾಡಿ ತರಲು ಹೋಗಿದ್ದ. ಮಕ್ಕಳ ಡಾಕ್ಟರು ಅವಳನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು.

"ನೋಡಮ್ಮ, ಹೊಟ್ಟೆಯೊಳಗಿನ ಕೊನೇ ತಿಂಗಳುಗಳಲ್ಲೇ ಮೆದುಳು ಜೋರಾಗಿ ಬೆಳೆಯೋದು. ಮಡಿಕೆ ಮೂಡೋದು, ಒಳಗೆ ದಾರಿಗಳು ಬೀಳೋದು, ಎಲ್ಲಾ ಆಗಲೇ. ನಿನ್ನ ಮಗಳಿಗೆ ಆ ಕೆಲಸ ಹೊರಗೆ ಬಂದು ಆಗಬೇಕಾಯ್ತು. ಆ ಹೊತ್ತಲ್ಲಿ ಎಡಗಡೆ ಮೆದುಳಲ್ಲಿ ಒಂದಿಷ್ಟು ರಕ್ತ ಒಸರಿತ್ತು. ಈಗ ನಿಂತಿದೆ. ಆದ್ರೆ ಅಲ್ಲಿಂದ ಹೊರಡೋ ದಾರಿಗಳು ಬಲಗೈ, ಬಲಗಾಲಿಗೆ ಹೋಗ್ತವೆ."

"ಏನಾಗುತ್ತೆ ಸರ್?"

"ಏನೂ ಆಗದೇ ಇರಬಹುದು. ಆಗಲೂಬಹುದು. ಅದಕ್ಕೇ ತಪ್ಪದೆ ತೋರಿಸ್ತಾ ಇರಿ. ಬಲಗೈ ಮುಷ್ಟಿ ಬಿಚ್ಚದೇ ಇದ್ರೆ ಒಂದು ದಿನಾನೂ ತಡ ಮಾಡಬೇಡಿ."

ಹೊರಗೆ ಬಂದರೆ ಗೆಲಿಹೊ ನಿಂತಿದ್ದ. ಆಸ್ಪತ್ರೆಯ ಬೆಂಚುಗಳ ಮೇಲೆ ಮಲಗಿ ಮಲಗಿ ಕೆನ್ನೆ ಒಳಕ್ಕೆ ಹೋಗಿತ್ತು. ಆದರೂ ಆ ದಿನ ಆ ಮುಖದಲ್ಲಿ ಎಂಥ ಬೆಳಕು!

"ಏನಂದ್ರು ಡಾಕ್ಟ್ರು?"

'ಹೇಳು,' ಎಂದಿತು ಅವಳ ಮನಸ್ಸು.

"ಎಲ್ಲಾ ಸರಿ ಇದೆಯಂತೆ ರೀ..."

ನಾಲಿಗೆ ಹೊರಳಿಬಿಟ್ಟಿತು. ಇವತ್ತೊಂದು ದಿನ ನಗಲಿ, ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಬಂತು, ಹೋಯಿತು. ತೋರಿಸುವ ದಿನ ಮಗುವಿಗೆ ನೆಗಡಿ ಎಂದು ತಪ್ಪಿಸಿದಳು. ಮುಂದಿನ ಸಲ ತನಗೇ ತಲೆನೋವು ಎಂದಳು. ಹೋದರೆ ತಾನೇ ಗೊತ್ತಾಗುವುದು? ಹೋಗದಿದ್ದರೆ ಎಲ್ಲಾ ಸರಿ ಇದೆ!

ಹೀಗಿರುವಾಗ ಒಂದು ಬೆಳಿಗ್ಗೆ ಅಪ್ಪನ ತೊಡೆಯ ಮೇಲಿದ್ದ ಹಿಡಿ, ಎಡಗೈ ಚಾಚಿ ಅವನ ಜೇಬಿನ ಒಣ ಬ್ರಷ್ಷನ್ನು ಸರಕ್ಕನೆ ಎಳೆದುಕೊಂಡಳು.

"ಎಡಚಿ!" ಗೆಲಿಹೊ ಬೀದಿಗೆ ಕೇಳುವಂತೆ ಕೂಗಿದ. "ನೋಡೇ ಟೇಲರಮ್ಮ! ನನ್ನ ಮಗಳು ನನ್ನ ಥರಾನೇ ಎಡಚಿ!"

ಮಗುವನ್ನು ಎತ್ತಿಕೊಂಡು ಕುಣಿದ. ಗಿಲಕಿ ಕೊಟ್ಟರೂ ಎಡಗೈಗೆ, ಚಮಚ ಕೊಟ್ಟರೂ ಎಡಗೈಗೆ. ಅತ್ತೆ ಒಬ್ಬರೇ ಹುಬ್ಬು ಗಂಟಿಕ್ಕಿದರು.

"ಇಷ್ಟು ಬೇಗ ಎಡಚಿ ಅಂತ ಹೇಗೋ ಗೊತ್ತಾಗುತ್ತೆ? ನಿಂದು ನಂಗೆ ಗೊತ್ತಾಗಿದ್ದೇ ನೀನು ಓಡಾಡೋ ಹಾಗಾದ್ಮೇಲೆ."

"ಅಮ್ಮಾ, ನೀನು ಸುಮ್ನಿರು! ನನ್ನ ಕೈ ಕಟ್ಟಿದ್ದು ಸಾಕು. ಇವಳ ಕೈ ತಂಟೆಗೆ ಬರಬೇಡ!"

ಅತ್ತೆ ಬಾಯಿ ಮುಚ್ಚಿಕೊಂಡರು. ಅವಳು... ಅವಳು ಗಂಡನ ಜೊತೆ ಸೇರಿ ಚಪ್ಪಾಳೆ ತಟ್ಟಿದಳು.

ಸ್ನಾನ ಮಾಡಿಸುವಾಗ ಆ ಪುಟ್ಟ ಬಲಮುಷ್ಟಿಯನ್ನು ಅವಳೇ ಬೆರಳು ತೂರಿಸಿ ಬಿಡಿಸಬೇಕಾಗಿತ್ತು. ಹೆಬ್ಬೆರಳು ಒಳಗೇ ಮಡಿಚಿಕೊಂಡಿರುತ್ತಿತ್ತು. ಅಂಗೈಯ ಗೆರೆಗಳಲ್ಲಿ ಬಟ್ಟೆಯ ಎಳೆ, ಹುಳಿಯಾದ ಹಾಲು. ತೊಳೆದು ಬಿಟ್ಟರೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. 'ಹೇಳು... ಈಗಲೇ ಹೋಗಿ ಹೇಳು!' ಎಂದು ಮನಸ್ಸು ಕಿರುಚುತ್ತಿತ್ತು. ಅವಳು ನೀರು ಹೊಯ್ಯುತ್ತಿದ್ದಳು.

ಸುಳ್ಳು ಎಷ್ಟು ದಿನ ನಿಂತೀತು? ಮಗು ಕೂರಲು ಕಲಿಯಿತು. ಹೊಲಿಗೆ ಮಷೀನಿನ ಪಕ್ಕ ಕೂರಿಸಿದ್ದಳು. ಹಿಡಿ ಬಲಕ್ಕೆ ವಾಲಿದಳು. ಯಾವ ಮಗುವಾದರೂ ಕೈ ಊರುತ್ತದೆ. ಆ ಬಲಗೈ ಮುಂದೆ ಬರಲೇ ಇಲ್ಲ. ಹಣೆ ನೇರವಾಗಿ ಮಷೀನಿನ ಕಬ್ಬಿಣದ ಕಾಲಿಗೆ ಹೊಡೆಯಿತು.

* * *

ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಹಾಕಿ, ಮಕ್ಕಳ ಕೈಕಾಲು ಪಳಗಿಸುವ ಥೆರಪಿಸ್ಟ್ ಮೇಡಂ ಹತ್ತಿರ ಕಳಿಸಿದರು. ಅವರು ಹಣೆಯ ಗಾಯ ನೋಡಲಿಲ್ಲ. ಕೈ ನೋಡಿದರು. ಎಡಕ್ಕೆ ಆಟಿಕೆ ಹಿಡಿದರು, ಬಲಕ್ಕೆ ಹಿಡಿದರು. ಹಿಡಿ ಎರಡಕ್ಕೂ ಎಡಗೈಯನ್ನೇ ಚಾಚಿದಳು.

"ಇವಳು ಎಡಚಿ ಮೇಡಂ," ಎಂದ ಗೆಲಿಹೊ ಹೆಮ್ಮೆಯಿಂದ.

"ವರ್ಷ ತುಂಬೋ ಮೊದಲು ಯಾವ ಮಗುನೂ ಎಡಚ ಅಲ್ಲ, ಬಲಚ ಅಲ್ಲ," ಎಂದರು ಅವರು ಮೆತ್ತಗೆ. "ಎರಡೂ ಕೈ ಒಂದೇ ಥರ ಬರಬೇಕು. ಒಂದೇ ಕೈ ಬರ್ತಿದೆ ಅಂದ್ರೆ ಅದು ಆ ಕೈಯ ಜಾಣತನ ಅಲ್ಲ. ಇನ್ನೊಂದು ಕೈಗೆ ಬರೋಕಾಗ್ತಿಲ್ಲ ಅಂತ ಅರ್ಥ."

ಅವಳು ಮಗಳ ಬಲಮುಷ್ಟಿಯನ್ನು ಸೆರಗಿನಿಂದ ಮುಚ್ಚಿದಳು.

"ನಾವು... ಮೊದಲೇ ಬಂದಿದ್ರೆ?" ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಒಳ್ಳೇದಿತ್ತು. ಇಲ್ಲ ಅಂತ ನಾನು ಹೇಳಲ್ಲ. ಏಟು ಬಿದ್ದ ಜಾಗ ಸರಿಹೋಗಲ್ಲ. ಆದ್ರೆ ಎಳೇ ಮೆದುಳು ಉಳಿದ ದಾರಿಗಳನ್ನ ಬಳಸೋಕೆ ಕಲಿಯುತ್ತೆ. ಬಳಸಿದ ದಾರಿ ಗಟ್ಟಿಯಾಗುತ್ತೆ, ಬಿಟ್ಟ ದಾರಿ ಸವೆದುಹೋಗುತ್ತೆ. ಇನ್ನೂ ಚಿಕ್ಕವಳು, ಮಾಡೋಕೆ ಬೇಕಾದಷ್ಟಿದೆ. ದಿನಾ ಆಟದ ಹೊತ್ತಲ್ಲಿ ಸ್ವಲ್ಪ ಹೊತ್ತು ಎಡಗೈಗೆ ಮೆತ್ತನೆ ಕೈಗವಸು ಹಾಕಿ. ಆಗ ಬಲಗೈ ಮುಂದೆ ಬರಲೇಬೇಕು. ಅಳಿಸಬೇಡಿ, ಆಡಿಸ್ತಾ ಮಾಡಿಸಿ. ನೀವು ಟೇಲರ್ ಅಲ್ವಾ? ನೀವೇ ಹೊಲಿದುಬಿಡಿ."

ಗೆಲಿಹೊ ಕುರ್ಚಿಯಿಂದ ಎದ್ದ.

"ಎಡಗೈ... ಕಟ್ಟಬೇಕಾ?"

"ಕಟ್ಟೋದಲ್ಲ, ಒಂದು..."

ಅವನು ಕೇಳಿಸಿಕೊಳ್ಳಲಿಲ್ಲ. ಬಾಗಿಲು ತೆರೆದು ಹೊರಟೇಹೋದ.

* * *

ಅವಳು ಹಳದಿ ಫ್ಲಾನಲ್ ತುಂಡಿನಲ್ಲಿ ಒಂದು ಕೈಗವಸು ಹೊಲಿದಳು. ಮದುಮಗಳ ರವಿಕೆಯನ್ನೂ ಒಂದೇ ಸಲಕ್ಕೆ ಹೊಲಿಯುವವಳು ಅಂಗೈಯಗಲದ ಆ ಬಟ್ಟೆಯನ್ನು ಎರಡು ಸಲ ಬಿಚ್ಚಿ ಹೊಲಿದಳು. 'ಕೈ ಕಟ್ಟಲ್ಲ ಅಂತ ಮಾತು ಕೊಟ್ಟಿದ್ದೆ. ಈಗ ನಾನೇ ಹೊಲಿದು ಕಟ್ಟುತ್ತಿದ್ದೇನೆ. ಅದೂ ನನ್ನ ತಪ್ಪಿನಿಂದ...'

ಅವಳು ಕೈಗವಸು ಕೈಗೆತ್ತಿಕೊಂಡರೆ ಸಾಕು, ಗೆಲಿಹೊ ಮನೆಯಿಂದ ಹೊರಗೆ ನಡೆಯುತ್ತಿದ್ದ. ಬೆಳಿಗ್ಗೆ ಹೋದವನು ತನ್ನ ಪೇಂಟಿನ ಶೆಡ್ಡಿನಲ್ಲೇ ಸಂಜೆ ಮಾಡುತ್ತಿದ್ದ. ರಾತ್ರಿ ಹೊರಗಿನ ಕೋಣೆಯಲ್ಲಿ ಹಾಸಿಗೆ. ಮಾತು ಎಂದರೆ 'ಹೂಂ', 'ಉಹೂಂ'. ಎಲ್ಲಕ್ಕಿಂತ ಹೆಚ್ಚಾಗಿ ಅವಳನ್ನು ಚುಚ್ಚಿದ್ದು ಇನ್ನೊಂದು. ಆ ದಿನದಿಂದ ಅವನು ಮಗಳನ್ನು ಒಮ್ಮೆಯೂ 'ಹಿಡಿ' ಎಂದು ಕರೆದಿರಲಿಲ್ಲ. 'ಪಾಪುಗೆ ಹಾಲು ಕೊಟ್ಯಾ?' ಎನ್ನುತ್ತಿದ್ದ, ಯಾರದೋ ಮನೆಯ ಮಗುವನ್ನು ವಿಚಾರಿಸುವಂತೆ.

'ಮಾತು ಮುರಿದೆ ಅಂತ ನನ್ನ ಮೇಲೆ ಸಿಟ್ಟಿರಲಿ, ಬೈಯಲಿ. ಮಗು ಏನು ಮಾಡಿತು? ಎಡಚಿ ಆಗಿದ್ದರೆ ಮಗಳು, ಕೈ ಬರದಿದ್ದರೆ ಪಾಪುವಾ?'

ಕೇಳಬೇಕು ಎಂದುಕೊಳ್ಳುತ್ತಿದ್ದಳು. ಆದರೆ ಕೇಳುವ ಬಾಯಿ ಅವಳಿಗೆಲ್ಲಿತ್ತು? ಸುಳ್ಳು ಹೇಳಿದ ಬಾಯಿ ಅದು.

ಒಂದು ಮಧ್ಯಾಹ್ನ ಔಷಧಿ ಅಂಗಡಿಯವನು ಬಂದು ಗೊಣಗಿದ. "ಏನಮ್ಮಾ ನಿಮ್ಮ ಯಜಮಾನ್ರು? ಬೋರ್ಡು ಇವತ್ತು ಕೊಡ್ತೀನಿ ನಾಳೆ ಕೊಡ್ತೀನಿ ಅಂತಾರೆ. ಶೆಡ್ಡಿಗೆ ಹೋದ್ರೆ ಒಳಗಿಂದ ಚಿಲಕ! ಮಾಡ್ತಿರೋದೇನು ಅಂತ?"

ಅವನು ಹೋದ ಮೇಲೆ ಅತ್ತೆ ಸೊಸೆಯ ಪಕ್ಕ ಬಂದು ಕೂತರು. ಮಡಿಲಲ್ಲಿ ಹಿಡಿ, ಕೈಯಲ್ಲಿ ಹಳದಿ ಕೈಗವಸು.

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ನಿಮ್ಮದು ಉಂಡ್ರೂ ಮುಗೀಲಿಲ್ಲ, ಮಲಗಿದ್ರೂ ಮುಗೀಲಿಲ್ಲ. ಹೋಗು ಮಗಳೇ, ಮಾತಾಡು."

"ಅವರು ನನ್ನ ಮುಖ ನೋಡಲ್ಲ ಅತ್ತೆ."

"ನಿನ್ನ ಮುಖ ಅಲ್ಲ, ಅವನಿಗೆ ನೋಡೋಕಾಗದೇ ಇರೋದು ಇದನ್ನ." ಕೈಗವಸು ಎತ್ತಿ ತೋರಿಸಿದರು. ದನಿ ಒದ್ದೆಯಾಯಿತು. "ನಾನು ಕಟ್ಟಿದ್ದು ನಾಲ್ಕು ಜನರ ಬಾಯಿಗೆ ಹೆದರಿ. ನೀನು ಕಟ್ಟೋದು ಈ ಕೂಸಿಗೋಸ್ಕರ. ಎರಡೂ ಒಂದೇ ಅಲ್ಲ ಅಂತ ಅವನಿಗೆ ಹೇಳೋ ಧೈರ್ಯ ನಂಗಿಲ್ಲ. ಕಟ್ಟಿದೋಳು ನಾನೇ ಅಲ್ವಾ?"

ಅವಳು ಕೈಗವಸನ್ನು ಸೆರಗಿಗೆ ಗಂಟು ಹಾಕಿಕೊಂಡು, ಹಿಡಿಯನ್ನು ಸೊಂಟಕ್ಕೇರಿಸಿಕೊಂಡು ಹೊರಟಳು.

* * *

ಶೆಡ್ಡಿನ ಬಾಗಿಲು ಮುಚ್ಚಿತ್ತು. ಪಕ್ಕದ ಕಿಟಕಿಯ ಬಾಗಿಲು ಅರ್ಧ ತೆರೆದಿತ್ತು. ಇಣುಕಿ ನೋಡಿದವಳು ಅಲ್ಲೇ ನಿಂತುಬಿಟ್ಟಳು.

ಗೆಲಿಹೊನ ಎಡಗೈಗೆ ಬೆರಳು ಕಾಣದಂತೆ ಒಂದು ಟವೆಲ್ಲು ಸುತ್ತಿತ್ತು. ಮೇಲೆ ಹಗ್ಗದ ಗಂಟು. ಬಲಗೈಯಲ್ಲಿ ಬ್ರಷ್ಷು ಗಡಗಡ ನಡುಗುತ್ತಿತ್ತು. ಎದುರಿಗೆ ಹಳೆಯ ತಗಡಿನ ಬೋರ್ಡಿನ ತುಂಬ ಒಂದೇ ಮಾತು, ಮತ್ತೆ ಮತ್ತೆ. ಸೊಟ್ಟ, ಡೊಂಕು, ಒಂದರ ಮೇಲೊಂದು ಬಿದ್ದ ಅಕ್ಷರಗಳು.

ಹಿಡಿ. ಹಿಡಿ. ಹಿಡಿ.

"ರೀ..."

ಬ್ರಷ್ಷು ಕೈಯಿಂದ ಜಾರಿ ಬಿತ್ತು. ಕದ್ದು ಸಿಕ್ಕಿಬಿದ್ದವನಂತೆ ಅವನು ಟವೆಲ್ಲಿನ ಕೈಯನ್ನು ಬೆನ್ನ ಹಿಂದೆ ಸರಿಸಿದ. ಆಮೇಲೆ ಬಂದು ಬಲಗೈಯಿಂದಲೇ ತಡವರಿಸಿ ಚಿಲಕ ತೆಗೆದ.

"ಏನಿದು?"

"ಎಷ್ಟು ಕಷ್ಟ ಅಂತ ನೋಡ್ಬೇಕಿತ್ತು," ಎಂದ ನೆಲ ನೋಡುತ್ತ. "ಅವಳಿಗೆ ಎಷ್ಟು ಕಷ್ಟ ಆಗ್ತಿರಬಹುದು ಅಂತ. ಬಲಗೈಲಿ ಬರೆದ್ರೆ ಮೊದಲನೇ ಅಕ್ಷರದಿಂದ ಶುರು ಮಾಡಬಹುದು ಗೊತ್ತಾ? ನನ್ನ ಜೀವಮಾನದಲ್ಲೇ ಮೊದಲ ಸಲ ಮೊದಲಿಂದ ಬರೀತಿದೀನಿ. ಆದ್ರೂ ಒಂದು ಗೆರೆ ನೆಟ್ಟಗೆ ಬರಲ್ಲ."

"ಮತ್ತೆ ಮನೇಲಿ ಅವಳನ್ನ ಹೆಸರು ಹಿಡಿದು ಯಾಕೆ ಕರೆಯಲ್ಲ? ಇಲ್ಲಿ ಬೋರ್ಡ್ ತುಂಬಾ ಬರೀತೀರ!"

"ಹೇಗೇ ಕರೀಲಿ?" ಅವನು ಮಗುವಿನ ಬಲಗೈ ನೋಡಿದ. "ಹಿಡಿ... ಹಿಡಿ... ಅಂತ ಕರೆದ್ರೆ ಆ ಕೈಗೆ ಕೇಳಿಸಲ್ವಾ? ಹಿಡಿಯೋಕೆ ಆಗದೇ ಇರೋ ಕೈಗೆ ದಿನಕ್ಕೆ ನೂರು ಸಲ ಹಿಡಿ ಅಂತ ಹೇಳೋ ಅಪ್ಪ ಎಂಥೋನು? ಅಮ್ಮ ಆವತ್ತೇ ಹೇಳಿದ್ಲು, ಇಷ್ಟು ಬೇಗ ಗೊತ್ತಾಗಲ್ಲ ಅಂತ. ಅವಳ ಬಾಯಿ ಮುಚ್ಚಿಸಿದೆ. ಎಡಚಿ ಎಡಚಿ ಅಂತ ಕುಣಿದು, ಸಿಕ್ಕಿದ್ದೆಲ್ಲಾ ಎಡಗೈಗೇ ಕೊಟ್ಟು, ಬಲಗೈನ ಸಾಯಿಸಿದೋನು ನಾನು. ಯಾವ ಮುಖ ಇಟ್ಕೊಂಡು ನಿನ್ನ ಮುಂದೆ ಬರಲಿ?"

ಇಷ್ಟು ದಿನ ತನ್ನ ಮೇಲಿನ ಸಿಟ್ಟು ಎಂದುಕೊಂಡಿದ್ದಳು. ಅವನು ಅವಳ ಪಾಪವನ್ನು ತನ್ನದೆಂದು ಹೊತ್ತು ತಿರುಗುತ್ತಿದ್ದ!

'ಈಗ ಸುಮ್ಮನಿದ್ದರೆ ಅವನಿಗೆ ಎಂದೂ ಗೊತ್ತಾಗುವುದಿಲ್ಲ,' ಎಂದಿತು ಹಳೆಯ ಸುಳ್ಳು, ಕಿವಿಯ ಹತ್ತಿರ ಬಂದು. ಸಮಾಧಾನ ಮಾಡು, ಕಣ್ಣೊರೆಸು, ಕರೆದುಕೊಂಡು ಹೋಗು. ಸಂಸಾರ ಉಳಿಯುತ್ತದೆ.

ಅವಳು ಮಗುವನ್ನು ಅಪ್ಪಿಕೊಂಡಳು.

"ನಂಗೆ ಗೊತ್ತಿತ್ತು ರೀ."

"ಏನು?"

"ಮನೆಗೆ ಬಂದ ದಿನಾನೇ ಡಾಕ್ಟ್ರು ಹೇಳಿದ್ರು. ಮೆದುಳಲ್ಲಿ ರಕ್ತ ಒಸರಿತ್ತು, ಬಲಗೈ ನೋಡ್ತಾ ಇರಿ ಅಂತ. ನೀವು ಗಾಡಿ ತರೋಕೆ ಹೋಗಿದ್ರಿ. ನಿಮ್ಮ ನಗು ನೋಡಿ ಹೇಳೋಕಾಗಲಿಲ್ಲ. ಆಮೇಲೆ ಭಯ. ನೆಗಡಿ, ತಲೆನೋವು ಎಲ್ಲಾ ಸುಳ್ಳು. ಮುಷ್ಟಿ ಬಿಚ್ಚಲ್ಲ ಅಂತ ದಿನಾ ನೋಡ್ತಿದ್ದೆ. ನೋಡ್ತಾನೇ... ನಿಮ್ಮ ಜೊತೆ ಚಪ್ಪಾಳೆ ತಟ್ಟಿದೆ."

ಗೆಲಿಹೊ ತಿರುಗಿ ಗೋಡೆಯ ಕಡೆ ಮುಖ ಮಾಡಿ ನಿಂತ. ಟವೆಲ್ಲಿನ ಗಂಟನ್ನು ಬಲಗೈಯಿಂದ ಬಿಚ್ಚಲು ಹೊರಟ, ಆಗಲಿಲ್ಲ. ಹಲ್ಲಿನಿಂದ ಎಳೆದ, ಗಂಟು ಇನ್ನೂ ಬಿಗಿಯಾಯಿತು. ಕೊನೆಗೆ ಕೈ ಚೆಲ್ಲಿದ.

"ಬಿಚ್ಚು," ಎಂದ, ಅವಳ ಕಡೆ ನೋಡದೆ.

ಅವಳು ಮಗುವನ್ನು ಚಾಪೆಯ ಮೇಲೆ ಕೂರಿಸಿ ಬಿಚ್ಚಿದಳು. ಮಣಿಕಟ್ಟಿನ ಸುತ್ತ ಹಗ್ಗದ ಕೆಂಪು ಗುರುತು ಎದ್ದಿತ್ತು.

"ನಂಗೆ ಹೇಳ್ಬೇಕಿತ್ತು ಕಣೇ."

"ಹೌದು."

"ಸಿಟ್ಟು ಬರ್ತಿದೆ ನಂಗೆ."

"ಬರ್ಲಿ."

"ಬೇಗ ಹೋಗಲ್ಲ ಇದು."

"ಹೋಗೋದು ಬೇಡ. ನೀವು ಮಾತ್ರ ಹೋಗ್ಬೇಡಿ." ಅಷ್ಟು ಹೇಳುವಷ್ಟರಲ್ಲಿ ಅವಳ ಅಳು ಕಟ್ಟೆ ಒಡೆಯಿತು. "ನನ್ನ ಬೈರಿ, ಮಾತು ಬಿಡಿ. ಆದ್ರೆ ಅವಳನ್ನ ಹೆಸರು ಹಿಡಿದು ಕರೀರಿ. ಅವಳು ದಿನಾ ಬಾಗಿಲ ಕಡೆ ನೋಡ್ತಾಳೆ..."

ಅವನು ನಿಧಾನವಾಗಿ ಚಾಪೆಯ ಬಳಿ ಕುಳಿತ.

"ಸಿಟ್ಟು ಇಟ್ಕೊಂಡೇ ಮನೆಗೆ ಬರ್ತೀನಿ," ಎಂದ. "ನಡೆಯುತ್ತಾ?"

ಅವಳು ತಲೆಯಾಡಿಸಿದಳು.

"ಎಲ್ಲಿ, ಆ ಕೈಗವಸು ಕೊಡು."

ಅವಳು ಸೆರಗಿನ ಗಂಟಿನಿಂದ ಹಳದಿ ಕೈಗವಸು ತೆಗೆದುಕೊಟ್ಟಳು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಒಳಗೆ ಬೆರಳು ಹಾಕಿದ. ಎಲ್ಲಿಯೂ ಹಗ್ಗವಿಲ್ಲ, ಗಂಟಿಲ್ಲ. ಹೊಲಿಗೆಯ ಅಂಚನ್ನು ಮಗುವಿಗೆ ಚುಚ್ಚದಂತೆ ಹೊರಗೆ ಮಡಿಚಿದ್ದಳು. ಅದನ್ನು ಕಂಡಾಗ ಅವನ ಕಣ್ಣು ತುಂಬಿತು.

ತಾನೇ ಮಗಳ ಎಡಗೈಗೆ ತೊಡಿಸಿದ. ಒಣಗಿದ ಒಂದು ಬ್ರಷ್ಷನ್ನು ಅವಳ ಬಲಗಡೆ ನೀಡಿ, ಎಷ್ಟೋ ದಿನದಿಂದ ಕರೆಯದ ಹೆಸರು ಹಿಡಿದು ಕರೆದ.

"ಹಿಡೀ..."

ಮಗು ಅಪ್ಪನ ದನಿಗೆ ಬಾಯಗಲಿಸಿ ನಕ್ಕಿತು. ಹಳದಿ ಕೈ ಮೇಲೆದ್ದಿತು, ಬ್ರಷ್ಷಿಗೆ ತಾಗಿ ಜಾರಿತು. ಮತ್ತೆ ಎದ್ದಿತು, ಮತ್ತೆ ಜಾರಿತು. ಹಿಡಿ ಮುಖ ಸಿಂಡರಿಸಿದಳು. ಅಳು ಬಂದೇಬಿಟ್ಟಿತು ಎನ್ನುವಷ್ಟರಲ್ಲಿ ಬಲಭುಜ ಕದಲಿತು. ತೋಳು ಅಷ್ಟಷ್ಟೇ ಮುಂದೆ ಬಂತು. ಮುಷ್ಟಿ ಬ್ರಷ್ಷಿನ ಹಿಡಿಕೆಗೆ ತಾಗಿ ಅರ್ಧ ಬಿಚ್ಚಿಕೊಂಡಿತು, ಎರಡು ಬೆರಳು ಮಡಿಚಿಕೊಂಡವು.

ಇಬ್ಬರೂ ಬಾಗಿ ನೋಡಿದರು.

ಬ್ರಷ್ಷು ಬಿದ್ದುಹೋಯಿತು.

"ಬಿತ್ತು ರೀ..."

"ಬೀಳ್ಲಿ. ಮತ್ತೆ ಕೊಡ್ತೀನಿ." ಅವನು ಬ್ರಷ್ಷು ಎತ್ತಿಕೊಂಡ. ಅವಳ ಕಡೆ ನೋಡದೆಯೇ ಹೇಳಿದ, "ನಂಗೂ ಒಂದು ಇಂಥದ್ದೇ ಹೊಲಿದು ಕೊಡು ಟೇಲರಮ್ಮ. ಅವಳು ಹಾಕ್ಕೊಂಡಾಗ ನಾನೂ ಹಾಕ್ಕೋತೀನಿ. ಟವೆಲ್ಲು ಒತ್ತುತ್ತೆ."

ಅವಳು ಕಣ್ಣೊರೆಸಿಕೊಂಡು ಕುತ್ತಿಗೆಯಿಂದ ಟೇಪು ತೆಗೆದಳು.

"ಕೈ ಕೊಡಿ, ಅಳತೆ ತಗೋತೀನಿ."

"ಕೈ ಕೊಡೋದೆಲ್ಲಾ ನಿನ್ನ ಕೆಲಸ," ಎಂದ ಅವನು. ಮಾತು ನಾಟಿತು. ಅವಳು ತಲೆ ತಗ್ಗಿಸಿದಳು.

ಆದರೂ ಅವನು ಎಡಗೈ ಚಾಚಿದ. ಹಗ್ಗದ ಗುರುತಿನ ಮೇಲೆ ಅವಳು ನೋವಾಗದ ಹಾಗೆ ಟೇಪು ಸುತ್ತಿದಳು. ಅವನು ಅವಳ ಬೆರಳುಗಳನ್ನು ಟೇಪಿನ ಸಮೇತ ಮುಷ್ಟಿಯೊಳಗೆ ಮುಚ್ಚಿಕೊಂಡ.

"ಬಿಡಿ... ಅಳತೆ ತಪ್ಪುತ್ತೆ."

"ತಪ್ಪಲಿ," ಎಂದ ಗೆಲಿಹೊ. "ಇನ್ನೊಂದ್ಸಲ ಮೊದಲಿಂದ ತಗೋ."